ಗಿರಣಿ ಶಿವಕಾಂತನ ಜಪಾನಿ ಪಾಠ

ಕರೆಂಟ್ ಹೋದರೆ ಹಿಟ್ಟಿನ ಗಿರಣಿಯವರು ಬೈಯುವುದು ಲೋಕರೂಢಿ. ಭಾಲ್ಕಿಯಲ್ಲಿ ಒಬ್ಬ ಗಿರಣಿಯವನು ಮಾತ್ರ ಕರೆಂಟ್ ಯಾವಾಗ ಹೋದೀತು ಎಂದು ಕಾಯುತ್ತ ಕೂಡುತ್ತಿದ್ದ. ಅವನ ಹೆಸರು ಶಿವಕಾಂತ. ವಯಸ್ಸು ನಲವತ್ತರ ಹತ್ತಿರ. ಹಗಲೆಲ್ಲ ಹುಬ್ಬು, ಮೀಸೆ, ಕಿವಿಯ ಕೂದಲಿಗೆ ಹಿಟ್ಟು ಹತ್ತಿ ಅರವತ್ತರ ಮುದುಕನಂತೆ ಕಾಣುತ್ತಿದ್ದ. ಸಂಜೆ ಮುಖ ತೊಳೆದರೆ ಇಪ್ಪತ್ತು ವರ್ಷ ಇಳಿಯುತ್ತಿತ್ತು.

ಕರೆಂಟ್ ಹೋಗಿ ಮೋಟಾರು ನಿಂತು, ಬೆಲ್ಟು ಕೊನೆಯ ಸುತ್ತು ಸುತ್ತಿ ಸುಮ್ಮನಾದ ಕೂಡಲೇ ಶಿವಕಾಂತ ಗಲ್ಲಾದ ಹಿಂದಿನಿಂದ ಮೂಲೆ ಒಡೆದ ಒಂದು ಹಳೆ ಫೋನು ತೆಗೆಯುತ್ತಿದ್ದ. ಜೋಳದ ಡಬ್ಬಿ ಇಟ್ಟುಕೊಂಡು ಕಟ್ಟೆಯ ಮೇಲೆ ಕೂತ ಹೆಂಗಸರಿಗೆ ಬೆನ್ನು ಮಾಡಿ, ಫೋನನ್ನು ಬಾಯಿಯ ಹತ್ತಿರ ಹಿಡಿದು, ಕೂಸಿಗೆ ಹೇಳುವಂತೆ ಮೆತ್ತಗೆ ಹೇಳುತ್ತಿದ್ದ: “ಮಿಜು ಓ ಕುದಾಸಾಯ್.” ನೀರು ಕೊಡಿ ಎಂದರ್ಥ. ಫೋನಿನೊಳಗೆ ಟೋಪಿ ಹಾಕಿಕೊಂಡ ಒಂದು ಗುಬ್ಬಿ ಇತ್ತು. ಮಾತು ಸರಿಯಾದರೆ ಅದು ರೆಕ್ಕೆ ಬಡಿಯುತ್ತಿತ್ತು, ಅದರ ಕೆಳಗೆ ಹಿಂದಿಯಲ್ಲಿ ಅಕ್ಷರ ಮೂಡುತ್ತಿತ್ತು: ‘ಶಾಬಾಶ್, ಮಲ್ಲೇಶ್ವರಿ!’

ಮಲ್ಲೇಶ್ವರಿ ಎಂದರೆ ಅವನ ಹೆಂಡತಿ. ಅವಳು ಜಪಾನಿನಲ್ಲಿದ್ದಳು.

ಊರ ಬಾಯಿಗೆ ಮುಚ್ಚಳ ಎಲ್ಲಿದೆ? ಗಿರಣಿಯವ ಯಾವುದೋ ಮಂತ್ರ ಸಿದ್ಧಿ ಮಾಡಿಕೊಳ್ಳುತ್ತಿದ್ದಾನೆ ಎಂದು ಕೆಲವರೆಂದರು. ಹೆಂಡತಿ ದೂರವಿದ್ದಾಳೆ, ಬೇರೆ ಯಾರನ್ನೋ ಹಚ್ಚಿಕೊಂಡಿದ್ದಾನೆ ಎಂದು ಹಲವರೆಂದರು. ಶಾಕಿರಾ ಬೇಗಂ ಎಂಬ ಹಿರಿಯ ಹೆಂಗಸು ಮಾತ್ರ ನೆಟ್ಟಗೆ ಕೇಳಿಯೇಬಿಟ್ಟಳು. ಮೂವತ್ತು ವರ್ಷದಿಂದ ಇದೇ ಗಿರಣಿಗೆ ಗೋಧಿ ತರುವವಳು, ಕೇಳುವ ಹಕ್ಕು ಅವಳಿಗಿತ್ತು.

“ಯಾರ ಜೋಡಿ ಮಾತಾಡ್ಲತ್ತಿ ಶಿವಕಾಂತಾ?”

“ಕಂಪನಿಯವ್ರ ಫೋನ್ ಅದರಿ ಖಾಲಾ.”

“ಯಾ ಅಲ್ಲಾ! ಕಂಪನಿಯವ್ರ ಜೋಡಿ ಇಷ್ಟು ಮೆತ್ತಗ ಯಾರ ಮಾತಾಡ್ತಾರಪ್ಪಾ?”

ಕಟ್ಟೆ ತುಂಬ ನಗು. ಅಷ್ಟರಲ್ಲಿ ಪುಣ್ಯಕ್ಕೆ ಕರೆಂಟ್ ಬಂತು.

ಶಿವಕಾಂತನ ಅಜ್ಜ ಕುರಿ ಕಾಯುತ್ತಿದ್ದವನು. ಅಪ್ಪ ಕುರಿ ಬಿಟ್ಟು ಗಿರಣಿ ಹಾಕಿದ. ಹುಡುಗಿಯನ್ನು ಮಾತ್ರ ಕುರಿಯವರ ಮನೆಯಿಂದಲೇ ತಂದರು: ಔರಾದ ತಾಲೂಕಿನ ಎಕಂಬಾದ ಹಣಮಂತಪ್ಪನ ಮಗಳು ಮಲ್ಲೇಶ್ವರಿ. ನರ್ಸಿಂಗ್ ಕಲಿತಿದ್ದಳು, ಭಾಲ್ಕಿಯ ಒಂದು ದವಾಖಾನೆಯಲ್ಲಿ ಕೆಲಸ. ಬೆಳಿಗ್ಗೆ ಬಿಳಿ ಕೋಟು ಹಾಕಿಕೊಂಡು ಅವಳು ಹೊರಡುವಾಗ, ಹಿಟ್ಟಿನಿಂದ ಬೆಳ್ಳಗಾದ ಗಂಡನನ್ನು ನೋಡಿ, “ಇಬ್ರೂ ಒಂದೇ ಡ್ರೆಸ್ ನೋಡ್ರಿ” ಎಂದು ನಗುತ್ತಿದ್ದಳು. ಅವನು ನಕ್ಕು ಸುಮ್ಮನಾಗುತ್ತಿದ್ದ. ಮೋಟಾರಿನ ಸದ್ದಿನಲ್ಲಿ ಬೆಳೆದವನು, ಮಾತು ಕಡಿಮೆ. ಇದ್ದ ನಾಲ್ಕು ಮಾತೂ ‘ದಪ್ಪ ಬೇಕೋ ಸಣ್ಣ ಬೇಕೋ’ ಎಂದು ಗಿರಾಕಿಗಳನ್ನು ಕೇಳುವುದರಲ್ಲೇ ಮುಗಿಯುತ್ತಿದ್ದವು.

ಮದುವೆಯಾಗಿ ಹತ್ತು ವರ್ಷವಾದರೂ ಮಕ್ಕಳಾಗಲಿಲ್ಲ. ಗಿರಣಿಯ ಕಟ್ಟೆಯೆಂದರೆ ಹೆಂಗಸರ ಕಟ್ಟೆ. ಡಬ್ಬಿಗೊಂದು ಪ್ರಶ್ನೆ. “ಏನರೆ ವಿಶೇಷ ಅದೇನ ಮಲ್ಲವ್ವಾ?” ಸಂಜೆ ದವಾಖಾನೆಯಿಂದ ಬಂದವಳು ಆ ಕಟ್ಟೆ ದಾಟಿಯೇ ಮನೆಯೊಳಗೆ ಹೋಗಬೇಕು. ತಲೆ ತಗ್ಗಿಸಿ ದಾಟುತ್ತಿದ್ದಳು. ಅತ್ತೆ ದಾನಮ್ಮ ಕೆಟ್ಟ ಹೆಂಗಸಲ್ಲ. ಕೇಳಿದವರಿಗೆ “ದೇವ್ರು ಕೊಟ್ಟಾಗ ಕೊಡ್ತಾನ, ನಿಮ್ಮ ಜ್ವಾಳ ನೋಡ್ಕೋರಿ” ಎಂದು ಬಾಯಿ ಮುಚ್ಚಿಸುತ್ತಿದ್ದಳು. ಆದರೆ ಒಂದು ಸಲ, ನೆಂಟರ ಮನೆಯ ತೊಟ್ಟಿಲ ಕಾರ್ಯದಲ್ಲಿ, ಕೂಸನ್ನು ಎತ್ತಿಕೊಳ್ಳಲು ಮುಂದೆ ಹೋದ ಸೊಸೆಗೆ “ನೀ ಹಿಂದ ನಿಂದ್ರು” ಎಂದುಬಿಟ್ಟಳು. ಅಂದ ಮರುಕ್ಷಣವೇ ನಾಲಿಗೆ ಕಚ್ಚಿಕೊಂಡಳು. ಆಡಿದ ಮಾತು ಒಡೆದ ಮುತ್ತು, ತಿರುಗಿ ಕೂಡುವುದಿಲ್ಲ. ಶಿವಕಾಂತ ಅಲ್ಲೇ ಇದ್ದ. ಏನೂ ಅನ್ನಲಿಲ್ಲ.

ಮುಂದಿನ ತಿಂಗಳೇ ಮಲ್ಲೇಶ್ವರಿ ಬೀದರಿನ ಮೈಲೂರದಲ್ಲಿ ನಡೆಯುತ್ತಿದ್ದ ಒಂದು ತರಬೇತಿಗೆ ಹೆಸರು ಕೊಟ್ಟು ಬಂದಳು. ಜಪಾನಿನಲ್ಲಿ ಮುದುಕರನ್ನು ನೋಡಿಕೊಳ್ಳುವ ಕೆಲಸ, ಮೂರು ವರ್ಷದ ಕರಾರು. ಗಂಡನನ್ನು ಜೊತೆಗೆ ಕರೆದುಕೊಂಡು ಹೋಗುವ ಹಾಗಿಲ್ಲ. “ಹೋಗ್ಲೇನ್ರಿ?” ಎಂದು ಕೇಳಿದಳು. “ನಿನಗ ಹ್ಯಾಂಗ ತಿಳೀತದ ಹಂಗ ಮಾಡ್” ಎಂದ. ಅದು ಅವನ ಪ್ರೀತಿ. ಅವಳಿಗೆ ಅದು ಪ್ರೀತಿಯಂತೆ ಕೇಳಿಸಿತೋ ಇಲ್ಲವೋ ಅವನಿಗೆ ಹೊಳೆಯಲಿಲ್ಲ.

ವಾರಕ್ಕೆರಡು ದಿನದ ತರಬೇತಿಯಲ್ಲಿ ಆ ಭಾಷೆ ಎಲ್ಲಿ ಬಂದೀತು? ಬಸ್ ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಯ ಗೌಹರ ಅವಳ ಫೋನಿನಲ್ಲಿ ಒಂದು ಆಪ್ ಹಾಕಿಕೊಟ್ಟ. ಕನ್ನಡದಲ್ಲಿ ಕಲಿಸುವುದು ಅವನಿಗೆ ಸಿಗಲಿಲ್ಲ, ಹಿಂದಿಯದು ಸಿಕ್ಕಿತು. ದಿನಾ ಸಂಜೆ ಮಲ್ಲೇಶ್ವರಿ ಗಿರಣಿಯ ಒಳಬಾಗಿಲ ಹೊಸ್ತಿಲ ಮೇಲೆ ಕೂತು ಗುಬ್ಬಿಯ ಜೊತೆ ಮಾತಾಡುವಳು. ಬಾಗಿಲ ಹಿಂದಿನ ಗೋಡೆಯ ಮೇಲೆ ಸೀಮೆಸುಣ್ಣದಿಂದ ಜಪಾನಿಯ ನಲವತ್ತಾರು ಅಕ್ಷರ ಬರೆದುಕೊಂಡಿದ್ದಳು. ಒಂದು ದಿನವೂ ಪಾಠ ತಪ್ಪಿಸಲಿಲ್ಲ. ತಪ್ಪಿಸದ ದಿನಗಳನ್ನು ಗುಬ್ಬಿ ಎಣಿಸುತ್ತಿತ್ತು. ಒಂದು ದಿನ ಬಿಟ್ಟರೆ ಎಣಿಕೆ ಸೊನ್ನೆಗೆ ಬರುವುದು ಅದರ ಕಾನೂನು. ಅವಳು ಹೊರಡುವ ಹೊತ್ತಿಗೆ ಇನ್ನೂರಾ ಹದಿನಾಲ್ಕು ದಿನವಾಗಿತ್ತು.

ಹೊರಟ ದಿನದ್ದನ್ನು ಹೇಳಲೇಬೇಕು. ಬೀದರ ಬಸ್ ಸ್ಟ್ಯಾಂಡಿನಿಂದ ಹೈದರಾಬಾದಿನ ಬಸ್ಸು, ಅಲ್ಲಿಂದ ವಿಮಾನ. ದಾನಮ್ಮ ಸೊಸೆಯ ಉಡಿ ತುಂಬಿದಳು, ಕಣ್ಣೊರೆಸಿಕೊಂಡಳು. ಮಲ್ಲೇಶ್ವರಿ ಅತ್ತೆಯ ಕಾಲು ಮುಟ್ಟಿ, ಗಂಡನ ಕಡೆ ನೋಡಿ, “ಬರ್ತೇನ್ರಿ” ಎಂದಳು. “ಹ್ಞೂಂ” ಎಂದ. ಅವಳು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಕಂಬಿ ಹಿಡಿದು, ಹಾಗೇ ನಿಂತಳು. ತಿರುಗಿ ನೋಡಲಿಲ್ಲ. ಬರೀ ನಿಂತಳು. ಕಂಡಕ್ಟರ್ “ಒಳಗ ನಡೀರಿ ಅಕ್ಕಾ” ಅನ್ನುವವರೆಗೂ ನಿಂತಳು. ಶಿವಕಾಂತನ ಗಂಟಲಿಗೆ ‘ಮಲ್ಲೀ’ ಎಂಬ ಮಾತು ಬಂದು ನಿಂತಿತ್ತು. ಆದರೆ ಹೊರಟವರನ್ನು ಹಿಂದಿನಿಂದ ಕರೆಯಬಾರದು ಎಂಬುದು ನಮ್ಮ ಕಡೆ ಎದೆಹಾಲಿನ ಜೊತೆಗೇ ಬರುವ ಪಾಠ. ಕರೆದರೆ ಹೋದ ಕೆಲಸ ಕೆಡುತ್ತದೆ. ಏಳು ಸಮುದ್ರ ದಾಟಿ ಹೋಗುವವಳಿಗೆ ಅಪಶಕುನ ಮಾಡುವುದೇ? ಮಾತನ್ನು ನುಂಗಿಕೊಂಡ. ಬಸ್ಸು ಹೋಯಿತು.

ಆವತ್ತೇ ಸಂಜೆ, ಭಾಲ್ಕಿಯ ಮನೆಯಲ್ಲಿ, ಅವಳು ಬಿಟ್ಟುಹೋದ ಹಳೆ ಫೋನು ಗೂಡಿನಲ್ಲಿ ಗುರ್ ಎಂದಿತು. ‘ಮಲ್ಲೇಶ್ವರಿ, ಇವತ್ತಿನ ಪಾಠ ಬಾಕಿ ಇದೆ.’

ಶಿವಕಾಂತ ಸಣ್ಣವನಿದ್ದಾಗ ಏಳನೆಯವರೆಗೆ ಮರಾಠಿ ಸಾಲಿಯಲ್ಲಿ ಓದಿದವನು, ಹಿಂದಿ ಅಕ್ಷರ ಓದಲು ಬರುತ್ತಿತ್ತು. ಓದಿದ. ಅವಳು ಈಗ ದಾರಿಯಲ್ಲಿದ್ದಾಳೆ, ಪಾಠ ಎಲ್ಲಿ ಮಾಡುತ್ತಾಳೆ? ಇನ್ನೂರಾ ಹದಿನಾಲ್ಕು ದಿನ ಹೊಸ್ತಿಲ ಮೇಲೆ ಕೂತು ಕಟ್ಟಿದ್ದು ಒಂದು ಸಂಜೆಯಲ್ಲಿ ಸೊನ್ನೆಯಾಗುತ್ತದಲ್ಲ ಎನ್ನಿಸಿತು. ಹೆಬ್ಬೆರಳಿಗೆ ಹತ್ತಿದ ಹಿಟ್ಟನ್ನು ಧೋತರಕ್ಕೆ ಒರೆಸಿಕೊಂಡು ಒತ್ತಿದ. ಒಂಬತ್ತು ತಪ್ಪಾದವು. ಹತ್ತನೆಯದು ಸರಿಯಾಯಿತು. ‘ಶಾಬಾಶ್, ಮಲ್ಲೇಶ್ವರಿ!’ ಎಂದಿತು ಗುಬ್ಬಿ. ಎಣಿಕೆ ಇನ್ನೂರಾ ಹದಿನೈದಾಯಿತು. ಅವಳ ದೀಪ ಆರಲಿಲ್ಲ ಎಂಬಂಥ ಸಮಾಧಾನದಲ್ಲಿ ಅವನು ಮಲಗಿದ.

ಹೀಗೆ ಹತ್ತಿದ ಚಟ ಬಿಡಲಿಲ್ಲ. ಮೊದಲು ಎಣಿಕೆ ಉಳಿಸಲು ಮಾಡಿದ, ಆಮೇಲೆ ಭಾಷೆಯೇ ಹಿಡಿಯಿತು. ಗೋಡೆಯ ಮೇಲಿನ ಅಕ್ಷರಗಳಿಗೆ ದಿನಾ ಹಿಟ್ಟು ಕೂಡುತ್ತಿತ್ತು. ಬೆಳಿಗ್ಗೆ ಗಿರಣಿ ತೆರೆದವನೇ ಉಫ್ ಎಂದು ಊದಿ, ನಲವತ್ತಾರನ್ನೂ ಒಮ್ಮೆ ಓದುತ್ತಿದ್ದ. ದೀಪಾವಳಿಗೆ ಸುಣ್ಣ ಬಳಿಯಲು ಬಂದವನಿಗೆ ಆ ಗೋಡೆಯೊಂದನ್ನು ಮುಟ್ಟಲು ಬಿಡಲಿಲ್ಲ. ಓದುವ ಬರೆಯುವ ಪಾಠ ಯಾವಾಗಲಾದರೂ ಆಗುತ್ತಿತ್ತು. ಬಾಯಿಂದ ಹೇಳುವ ಪಾಠ ಮಾತ್ರ ಮೋಟಾರಿನ ಸದ್ದಿನಲ್ಲಿ ಗುಬ್ಬಿಗೆ ಕೇಳಿಸುತ್ತಿರಲಿಲ್ಲ. ಅದಕ್ಕೇ ಕರೆಂಟ್ ಹೋಗಲಿ ಎಂದು ಈ ಕಾಯುವಿಕೆ.

ಮಲ್ಲೇಶ್ವರಿ ಪ್ರತಿ ಭಾನುವಾರ ಸಂಜೆ ನಾಲ್ಕೂವರೆಗೆ ವಿಡಿಯೋ ಕಾಲ್ ಮಾಡುತ್ತಿದ್ದಳು. ಅಲ್ಲಿ ಆಗ ಎಂಟು ಗಂಟೆ. ದಾನಮ್ಮ ನಾಲ್ಕಕ್ಕೇ ತಲೆ ಬಾಚಿ, ಅಕ್ಕಿ ಡಬ್ಬಿಗೆ ಫೋನು ಆನಿಸಿಟ್ಟು, ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂಡುವಳು. ಪಕ್ಕದ ಮನೆಯ ಸುಮನಳೂ ಬಂದು ಸೇರುವಳು. “ಉಂಡ್ಯಾ? ಏನ್ ಉಂಡಿ? ಅಲ್ಲಿ ಮಂದಿ ಮೀನಾ ಹಸೀದೇ ತಿಂತಾರಂತ, ಖರೇನಾ? ಬರ್ಫ ಬಿದ್ದದ? ತೋರ್ಸು ತೋರ್ಸು.” ನಲವತ್ತು ನಿಮಿಷ ಹೀಗೇ ಹೋಗುವುದು. ಕೊನೆಗೆ “ತಗೋಪಾ, ನೀನೂ ಮಾತಾಡು” ಎಂದು ದಾನಮ್ಮ ಫೋನನ್ನು ಮಗನ ಕಡೆ ತಿರುಗಿಸುವಳು. ತಾನು ಕೂತಲ್ಲಿಂದ ಏಳುತ್ತಿರಲಿಲ್ಲ. ಏಳಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವಳ ಕಾಲದಲ್ಲಿ ಗಂಡ ಹೆಂಡತಿ ಹಗಲಲ್ಲಿ ಮಾತಾಡಿದ್ದೇ ಇಲ್ಲ.

“ಆರಾಮ ಇದ್ದೀರೇನ್ರಿ?”

“ಹ್ಞೂಂ. ನೀ?”

“ಅದೀನ್ರಿ. ಮತ್ತ?”

“ಮತ್ತೇನಿಲ್ಲ.”

“ಇಡ್ಲೇನ್ರಿ?”

“ಇಡು.”

ಅವಳ ಮುಖ ಮಾಯವಾದ ಮೇಲೆ ಕಪ್ಪು ಗಾಜಿನಲ್ಲಿ ತನ್ನದೇ ಮುಖ ಕಾಣುತ್ತಿತ್ತು. ಒಂದು ವಾರ ಕಾದದ್ದು ಈ ಆರು ಮಾತಿಗಾಗಿಯೇ ಎಂದುಕೊಳ್ಳುತ್ತಿದ್ದ. ಅವಳ ದಿಂಬಿನ ಮೇಲೆ ಯಾರೂ ಕೈ ಇಡದಂತೆ ನೋಡಿಕೊಳ್ಳುತ್ತಿದ್ದ. ಬಿಳಿ ಕೋಟು ಹಾಕಿದ ಯಾವ ನರ್ಸು ಬೀದಿಯಲ್ಲಿ ಹೋದರೂ ಗಿರಣಿಯಿಂದ ಕತ್ತು ಹೊರಗೆ ಬರುತ್ತಿತ್ತು. ಇದನ್ನೆಲ್ಲ ಯಾರಿಗೆ ಹೇಳುವುದು?

ಎರಡನೆಯ ವರ್ಷದ ಮಳೆಗಾಲದಲ್ಲಿ ಒಮ್ಮೆ ಎರಡು ದಿನ ಕರೆಂಟೇ ಬರಲಿಲ್ಲ, ಫೋನು ಸತ್ತುಹೋಯಿತು. ಮೂರನೆಯ ದಿನ ಕರೆಂಟ್ ಬಂದು ಚಾಲೂ ಮಾಡಿ ನೋಡಿದರೆ ಎಣಿಕೆ ಮುರಿದು ಸೊನ್ನೆಯಾಗಿತ್ತು. ಅವಳು ನಂಬಿ ಬಿಟ್ಟುಹೋದ ಗಡಿಗೆಯನ್ನು ಒಡೆದವನಂತೆ ಅವನು ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದ. ಅದೇ ದಿನ, ಭಾನುವಾರವಲ್ಲದ ದಿನ, ದಾನಮ್ಮನ ಫೋನಿಗೆ ಮಲ್ಲೇಶ್ವರಿಯ ಕಾಲ್ ಬಂತು. “ಎಲ್ಲಾ ಆರಾಮ ಅದೀರೇನ್ರಿ ಅತ್ತಿ? ಇವ್ರು ಆರಾಮ ಅದಾರೇನ್ರಿ? ಎಲ್ಲಿ, ತೋರಸ್ರಿ.” ಗಂಡನ ಮುಖ ನೋಡಿ ಉಸಿರು ಬಿಟ್ಟಳು. ಸುಮ್ಮನೆ ಮಾಡಿದೆ ಎಂದಳು. ಮಳೆಯ ಸುದ್ದಿ ಅಲ್ಲಿಗೂ ಮುಟ್ಟಿರಬೇಕು ಎಂದುಕೊಂಡ ಶಿವಕಾಂತ. ಮರುದಿನದಿಂದ ಮತ್ತೆ ಒಂದರಿಂದ ಎಣಿಸತೊಡಗಿದ.

ಆ ಚಳಿಗಾಲದಲ್ಲಿ ಗುಬ್ಬಿ ಒಂದು ಹೊಸ ಮಾತು ಕಲಿಸಿತು. ‘ಸಬಿಶೀ.’ ಕೆಳಗೆ ಹಿಂದಿಯಲ್ಲಿ ಅರ್ಥ: ಒಬ್ಬಂಟಿ ಅನ್ನಿಸುತ್ತದೆ. ಶಿವಕಾಂತ ಬಹಳ ಹೊತ್ತು ಅದನ್ನೇ ನೋಡಿದ. ಇಷ್ಟು ವರ್ಷದಲ್ಲಿ ಕನ್ನಡದಲ್ಲಿ ಈ ಮಾತು ತಾನು ಆಡಿದ್ದುಂಟೇ? ‘ಬ್ಯಾಸರಾಗೇದ’ ಎಂದದ್ದುಂಟು, ಅದು ಬಿಸಿಲಿಗೆ, ಮೋಟಾರಿಗೆ. ಕರೆಂಟ್ ಹೋಗಿತ್ತು, ಕಟ್ಟೆಯ ಮೇಲೆ ಎಂಟು ಜನ ಹೆಂಗಸರು. ಬೆನ್ನು ತಿರುಗಿಸದೆ, ಗಟ್ಟಿಯಾಗಿ, ಅವರ ಎದುರಿಗೇ ಹೇಳಿದ: “ಸಬಿಶೀ.” ಯಾರೂ ತಲೆ ಎತ್ತಲಿಲ್ಲ. ಶಾಕಿರಾ ಬೇಗಂ ಎಲೆ ಅಡಿಕೆ ಮಡಚುತ್ತಿದ್ದವಳು ಮಡಚುತ್ತಲೇ ಇದ್ದಳು. ಮೂರು ಮನೆ ಕೇಳುವಂತೆ ತಾನು ಒಬ್ಬಂಟಿ ಎಂದು ಹೇಳಿದ್ದ, ಯಾರಿಗೂ ಗೊತ್ತಾಗಲಿಲ್ಲ, ಭೂಮಿ ಬಿರಿಯಲಿಲ್ಲ. ಎದೆ ಹಗುರಾಯಿತು.

ಆಗ ಅವನಿಗೆ ಹೊಳೆಯಿತು. ಈ ಭಾಷೆಯಲ್ಲಾದರೆ ಅವ್ವನ ಎದುರಿಗೇ ಹೇಳಬಹುದು. ಸುಮನಳೂ ಇರಲಿ, ಇಡೀ ಓಣಿಯೇ ಬಂದು ಕೂಡಲಿ, ಅವಳಿಗೊಬ್ಬಳಿಗೇ ತಿಳಿಯುತ್ತದೆ.

ಹೊಳೆದದ್ದೇನೋ ಹೊಳೆಯಿತು, ಬಾಯಿ ಬರಬೇಕಲ್ಲ. ಭಾನುವಾರಗಳು ಒಂದರ ಹಿಂದೊಂದು ಬಂದವು. ಪ್ರತಿ ಸಲ ಮಾತು ಹಲ್ಲಿನವರೆಗೆ ಬಂದು, ‘ಇಡು’ ಎಂಬಲ್ಲಿಗೆ ಮುಗಿಯುತ್ತಿತ್ತು. ಕೊನೆಗೆ ಮೂರನೆಯ ವರ್ಷ ತೀರಲು ಒಂದೂವರೆ ತಿಂಗಳಿದ್ದಾಗ ಮಲ್ಲೇಶ್ವರಿ ಹೇಳಿದಳು: “ಇನ್ನೂ ಎರಡು ವರ್ಷ ಇರ್ತಿಯೇನು ಅಂತ ಇಲ್ಲಿ ಕೇಳ್ಲತ್ತಾರ್ರಿ. ಈ ತಿಂಗಳ ಕಡೀಕ ಕಾಗದಕ್ಕ ಸಹಿ ಹಾಕಬೇಕಂತ. ಏನ್ ಮಾಡ್ಲಿ?”

ದಾನಮ್ಮ ಮಗನ ಮುಖ ನೋಡಿದಳು. ಸುಮನ ನೋಡಿದಳು. ಶಿವಕಾಂತನ ಬಾಯಿಯಿಂದ ಅದೇ ಹಳೇ ಮಾತು ಜಾರಿತು: “ನಿನಗ ಹ್ಯಾಂಗ ತಿಳೀತದ ಹಂಗ ಮಾಡ್.”

ಫೋನು ಇಟ್ಟ ಮೇಲೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುವಷ್ಟು ಸಿಟ್ಟು ಬಂತು. ‘ಬಾ’ ಅನ್ನಬೇಕಿತ್ತು. ಆದರೆ ಬಾ ಅಂದರೆ ಎಲ್ಲಿಗೆ? ಅದೇ ಕಟ್ಟೆಗೆ, ಅದೇ ಡಬ್ಬಿಗಳ ಪ್ರಶ್ನೆಗೆ. ಜಪಾನಿನಲ್ಲಿ ಅವಳ ಮುಖ ತುಂಬಿಕೊಂಡಿತ್ತು, ಅವಳು ತಲೆ ಎತ್ತಿ ಮಾತಾಡುತ್ತಿದ್ದಳು. ಕರೆಯುವ ಹಕ್ಕು ತನಗಿದೆಯೇ? ಆ ವಾರ ಅವನು ಒಬ್ಬ ಗಿರಾಕಿಯ ಗೋಧಿಗೆ ಇನ್ನೊಬ್ಬರ ಕಡಲೆ ಬೆರೆಸಿಬಿಟ್ಟ.

ಶುಕ್ರವಾರ ಗಿರಣಿ ಬಂದ್ ಮಾಡಿ ಔರಾದಕ್ಕೆ ಹೋಗಿ, ಅಲ್ಲಿಂದ ಎಕಂಬಾದ ಬಸ್ಸು ಹಿಡಿದ. ಮಾವನನ್ನು ಕೇಳಿ ಬರಬೇಕು ಎಂದು. ಹಣಮಂತಪ್ಪ ಬೇವಿನ ನೆರಳಲ್ಲಿ ಕುರಿ ನಿಲ್ಲಿಸಿಕೊಂಡು ಕೂತಿದ್ದ. ಚಹಾ ಆಯಿತು, ಕುರಿಗಳ ಕಾಲುಬೇನೆಯ ಮಾತಾಯಿತು, ತೊಗರಿಯ ಮಾತಾಯಿತು. ಕೇಳಬೇಕಾದದ್ದು ಬಾಯಿಗೆ ಬರಲಿಲ್ಲ. ಬಿಸಿಲು ಇಳಿಯಿತು. ಮುದುಕ ಎದ್ದು, ಕಂಬಳಿ ಹೆಗಲಿಗೆ ಹಾಕಿಕೊಂಡು, “ಬರ್ತೇನ್ರಿ ಅಳಿಯ ಸಾಹೇಬ್ರ, ಉಂಡು ಹೋಗ್ರಿ” ಎಂದು ಕುರಿ ಹೊಡೆದುಕೊಂಡು ಹೊರಟ. ಇಪ್ಪತ್ತು ಹೆಜ್ಜೆ ಹೋಗಿದ್ದ. ಶಿವಕಾಂತ ತನಗೇ ತಿಳಿಯದೆ ಕೂಗಿದ:

“ಮಾವಾ!”

ಕೂಗಿದ ಮೇಲೆ ಬಾಯಿ ಮುಚ್ಚಿಕೊಂಡ. ಹೊರಟವನನ್ನು ಹಿಂದಿನಿಂದ ಕರೆದಿದ್ದ. ಹಣಮಂತಪ್ಪ ನಿಂತ. ತಿರುಗಿ ಬಂದು, ಬೇವಿನ ಕೆಳಗಿನ ಕಲ್ಲಿನ ಮೇಲೆ ಕೂತು, ಮನೆಯೊಳಗೆ ಕೇಳುವಂತೆ “ಒಂದ್ ತಂಬಿಗಿ ನೀರ ತರ್ರಿ” ಎಂದ. ಕುರಿಗಳು ದಾರಿಯಲ್ಲಿ ನಿಂತು ತಿರುಗಿ ನೋಡಿದವು.

“ತಪ್ಪಾಯ್ತು ಮಾವಾ. ಮರತು ಕರದೆ.”

“ಅದಕ್ಯಾಕ ಮಾರಿ ಸಣ್ಣ ಮಾಡ್ತೀರಿ? ಕರದ್ರ ಏನ್ ಆಕಾಶ ಬೀಳ್ತದ? ತಿರುಗಿ ಬಂದು ಕೂಡಬೇಕು, ನೀರ ಕುಡೀಬೇಕು, ನೀರ ತೀರೋ ತನಕ ಏಳಬಾರ್ದು. ಆಮ್ಯಾಗ ಹೋಗಬೇಕು. ಇಷ್ಟೇ. ಕರಿಯೋದು ತಪ್ಪಲ್ರಿ. ಕರದ ಮ್ಯಾಗ ಕೂಡ್ದೆ ಹೋಗೋದು ತಪ್ಪು.” ಮುದುಕ ನಿಧಾನಕ್ಕೆ ನೀರು ಕುಡಿದ. “ಏನೋ ಕೇಳ್ಲಿಕ್ಕೆ ಬಂದೀರಿ. ಕೇಳ್ರಿ.”

“ಮಲ್ಲಿಗಿ ಬಾ ಅನ್ಲೋ ಬ್ಯಾಡೋ ಅಂತ...”

ಹಣಮಂತಪ್ಪ ತಂಬಿಗೆಯೊಳಗೆ ನೋಡುತ್ತ ಕೂತ. “ನಾ ಅಪ್ಪ. ಕೊಟ್ಟ ಮ್ಯಾಗ ಹೋಗಬ್ಯಾಡ ಅನ್ನಂಗಿಲ್ಲ, ಬಾ ಅನ್ನಂಗಿಲ್ಲ. ಅಕೀ ಹೊಂಟಾಗ ನೀವರೆ ಒಂದ್ ಮಾತ ಅಂತೀರಿ ಅಂತ ದಾರಿ ನೋಡ್ದೆ. ಅನ್ನಲಿಲ್ಲ.” ಉಳಿದ ನೀರು ಕುಡಿದು, ತಂಬಿಗೆ ಬೋರಲು ಹಾಕಿ ಎದ್ದ.

ತಿರುಗಿ ಬರುವ ಬಸ್ಸಿನಲ್ಲಿ ಶಿವಕಾಂತ ಕಿಟಕಿಗೆ ಹಣೆ ಹಚ್ಚಿ ಕೂತಿದ್ದ. ಆವತ್ತು ಬೀದರ ಬಸ್ ಸ್ಟ್ಯಾಂಡಿನಲ್ಲಿ ಕರೆದಿದ್ದರೆ ಏನಾಗುತ್ತಿತ್ತು? ಅವಳು ಕೆಳಗಿಳಿದು, ಕಲ್ಲುಬೆಂಚಿನ ಮೇಲೆ ಕೂತು, ಒಂದು ಲೋಟ ನೀರು ಕುಡಿಯುತ್ತಿದ್ದಳು. ಆ ನೀರು ತೀರುವಷ್ಟರಲ್ಲಿ ಒಂದು ಮಾತಾದರೂ ಬಾಯಿಗೆ ಬರುತ್ತಿತ್ತೇನೋ. ಒಂದು ಲೋಟ ನೀರಿಗೆ ಹೆದರಿ ಮೂರು ವರ್ಷ ಕಳೆದಿದ್ದ. ಕಣ್ಣು ತುಂಬಿ ಬಂದವು. ಪಕ್ಕದಲ್ಲಿ ಕೂತವನಿಗೆ ಕಿಟಕಿಯ ಧೂಳು ಎಂದು ಹೇಳಿದ.

ಭಾನುವಾರ ಬಂತು. ದಾನಮ್ಮ ಅಕ್ಕಿ ಡಬ್ಬಿ ಸರಿಸಿಟ್ಟಳು, ಸುಮನ ಬಂದು ಕೂತಳು. ಮಲ್ಲೇಶ್ವರಿಯ ಮುಖ ಮೂಡಿತು. ಹಿಂದೆ ಅವಳ ಸಣ್ಣ ಕೋಣೆ, ಗೋಡೆಗೆ ತೂಗುಹಾಕಿದ ಅಂಗಿ. “ಉಂಡ್ಯಾ?” ಎಂದು ಅತ್ತೆ ಬಾಯಿ ತೆರೆಯುವಷ್ಟರಲ್ಲಿ ಶಿವಕಾಂತ ನಡುವೆ ಬಂದು ಫೋನು ತನ್ನ ಕಡೆ ತಿರುಗಿಸಿದ. ಎಂದೂ ಹಾಗೆ ಮಾಡಿದವನಲ್ಲ. ನೆಟ್ಟಗೆ ಕೂತು, ಗುಬ್ಬಿಗೆ ಪಾಠ ಒಪ್ಪಿಸುವವನಂತೆ, ಒಂದೊಂದೇ ಮಾತು ಬಿಡಿಸಿ ಹೇಳಿದ:

“ಸಬಿಶೀ ದೆಸ್. ಆಯ್ತಾಯ್ ದೆಸ್. ಕಾಎತ್ತೆ ಕಿತೆ ಕುದಾಸಾಯ್.”

ಒಬ್ಬಂಟಿ ಅನ್ನಿಸುತ್ತದೆ. ನಿನ್ನನ್ನು ನೋಡಬೇಕು. ಮನೆಗೆ ತಿರುಗಿ ಬಾ.

ಮಲ್ಲೇಶ್ವರಿ ಅಲುಗಾಡಲಿಲ್ಲ. ಫೋನಿನ ಚಿತ್ರ ನಿಂತುಹೋಯಿತೇನೋ ಎಂದು ಸುಮನ ಬಗ್ಗಿ ನೋಡಿದಳು. ಚಿತ್ರ ನಿಂತಿರಲಿಲ್ಲ. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು.

“ಏನಂದ್ಯೋ ಅಕೀಗಿ?” ಎಂದಳು ದಾನಮ್ಮ.

“ಅಲ್ಲಿ ಹವಾ ಹ್ಯಾಂಗದ ಅಂತ ಕೇಳ್ದೆ ಅವ್ವಾ.”

“ಹವಾ ಕೇಳಿದ್ರ ಯಾರರೆ ಅಳ್ತಾರೇನೋ?”

ದಾನಮ್ಮ ಮಗನ ಮುಖ ನೋಡಿದಳು, ಸೊಸೆಯ ಮುಖ ನೋಡಿದಳು. ಆಮೇಲೆ ಮೊಣಕಾಲಿಗೆ ಕೈ ಕೊಟ್ಟು ಎದ್ದು, “ನಡಿ ಸುಮನಾ, ಹೊರಗ ಗಾಳಿಗಿ ಕೂಡೋಣು” ಎಂದಳು. “ಯಾಕ್ರಿ ಅತ್ಯಾ, ಈಗರೆ ಬಂದೇವಲ್ಲ” ಎಂದ ಸುಮನಳ ರಟ್ಟೆ ಹಿಡಿದು ಎಬ್ಬಿಸಿದಳು. ಹೊಸ್ತಿಲಲ್ಲಿ ನಿಂತು, ಫೋನಿನ ಕಡೆ ನೋಡದೆ, “ಮಲ್ಲೀ, ಆವತ್ತ ತೊಟ್ಟಿಲದಾಗ ನಾ ಅಂದಿದ್ದು ನನಗ ಇವತ್ತಿಗೂ ಚುಚ್ತದವ್ವಾ” ಎಂದಳು. ಬಾಗಿಲು ಎಳೆದುಕೊಂಡಳು. ಮದುವೆಯಾದಾಗಿನಿಂದ ಆ ಮನೆಯಲ್ಲಿ ಹಗಲು ಹೊತ್ತು ಆ ಬಾಗಿಲು ಮುಚ್ಚಿದ್ದು ಅದೇ ಮೊದಲು.

ಈಗ ಇಬ್ಬರೇ. ಜಪಾನಿ ಬೇಕಿರಲಿಲ್ಲ. ಕನ್ನಡವೋ, ಎಂದಿನಂತೆ ಬರಲಿಲ್ಲ.

ಮಲ್ಲೇಶ್ವರಿಯೇ ಮೂಗು ಒರೆಸಿಕೊಂಡು ಹೇಳಿದಳು. “ಬುಧವಾರನೇ ಸಹಿ ಮಾಡೀನ್ರಿ. ಎರಡು ವರ್ಷಕ್ಕ.”

ಅವನು ತಲೆಯಾಡಿಸಿದ.

“ನನಗ ತಿಳಿದಂಗ ಮಾಡಂದ್ರಿ. ನನಗ ಹಂಗೇ ತಿಳೀತು.”

“ಹ್ಞೂಂ.”

“ಆ ಗುಬ್ಬಿ ನನಗೂ ತೋರಸ್ತದ್ರಿ. ಈ ಫೋನಿನ್ಯಾಗೂ ಅದೇ ನನ್ನ ಖಾತೆ ಅದ. ದಿನಾ ನೋಡ್ತೇನಿ, ಇವತ್ತು ಪಾಠ ಆಗ್ಯಾದ, ಇವ್ರು ಮಾಡ್ಯಾರ ಅಂತ. ಒಂದ್ ಸಲ ಮುರೀತಲ್ಲ, ನಿಮಗೇನೋ ಆಗ್ಯಾದಂತ ಹೆದರಿ ಫೋನ್ ಮಾಡ್ದೆ. ಇಷ್ಟು ಕಲ್ತಾರ, ಒಂದಿಲ್ಲೊಂದು ದಿನ ನನ್ನ ಜೋಡಿ ಒಂದ್ ಮಾತ ಆಡ್ತಾರಂತ ಮೂರು ವರ್ಷ ದಾರಿ ನೋಡೀನ್ರಿ. ಒಂದ್ ವಾರ ಮೊದಲ ಅನ್ನಬಾರದಾಗಿತ್ತಾ?”

ಇದಕ್ಕೆ ಹೇಳುವ ಮಾತನ್ನು ಯಾವ ಗುಬ್ಬಿಯೂ ಕಲಿಸಿರಲಿಲ್ಲ. ಹೊರಗೆ ಯಾರೋ ಡಬ್ಬಿ ತಂದವರಿಗೆ ದಾನಮ್ಮ “ಇವತ್ತ ಗಿರಣಿ ಬಂದ್ ಅದ, ಹೋಗ್ರಿ” ಅನ್ನುವುದು ಕೇಳಿಸಿತು.

ಮಲ್ಲೇಶ್ವರಿ ಕಣ್ಣೊರೆಸಿಕೊಂಡು ಸ್ವಲ್ಪ ನಕ್ಕಳು. “ಕಿವಿಗಿ ಹಿಟ್ಟು ಹತ್ತೇದ ನೋಡ್ರಿ. ಭಾನುವಾರನೂ ತೊಳಕೊಳ್ಳಂಗಿಲ್ಲ.” ಅವನು ಕಿವಿ ಒರೆಸಿಕೊಂಡ. ಇನ್ನೊಂದು ಕಿವಿ ಎಂದಳು. ಅದನ್ನೂ ಒರೆಸಿಕೊಂಡ.

“ನಸಕಿನ್ಯಾಗ ಡ್ಯೂಟಿ ಅದರಿ ನಂದು,” ಎಂದಳು. “ಇಡ್ಲೇನ್ರಿ?”

“ಇಡು.”

ಅವಳ ಬೆರಳು ಗಾಜಿನ ಕಡೆ ಬಂತು. ದೊಡ್ಡದಾಗುತ್ತ, ಮುಖವನ್ನು ಮರೆಮಾಡುತ್ತ ಬಂತು. ಬಸ್ಸಿನ ಕಂಬಿ ಹಿಡಿದಿದ್ದ ಅದೇ ಕೈ.

“ಮಲ್ಲೀ!”

ಬೆರಳು ನಿಂತಿತು. “ಏನ್ರಿ?”

“ಏನಿಲ್ಲ. ನೀ ಹೊಂಟಿದ್ದಿಯಲ್ಲ. ಹಿಂದಿಂದ ಕರದೆ.”

ಅವಳು ಅವನನ್ನು ನೋಡುತ್ತಲೇ ಇದ್ದಳು. ಎಕಂಬಾದ ಕುರಿಯವರ ಮಗಳು. ಅವಳಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಫೋನನ್ನು ಏನಕ್ಕೋ ಆನಿಸಿಟ್ಟು ಎದ್ದುಹೋದಳು. ಬರೀ ಗೋಡೆ, ಬರೀ ಅಂಗಿ ಕಂಡವು. ಎಲ್ಲೋ ನಲ್ಲಿ ತಿರುಗಿದ ಸದ್ದು. ತಿರುಗಿ ಬಂದಳು, ಕೈಯಲ್ಲಿ ಒಂದು ಲೋಟ ನೀರು. ಫೋನಿನ ಎದುರಿಗೆ, ನೆಲದ ಮೇಲೆ, ಭಾಲ್ಕಿಯ ಹೊಸ್ತಿಲಲ್ಲಿ ಕೂಡುತ್ತಿದ್ದ ಹಾಗೆಯೇ ಕೂತು, ಸೆರಗಿಲ್ಲದ ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡು, ಒಂದು ಗುಟುಕು ಕುಡಿದಳು.

ಶಿವಕಾಂತ ಮಾತಾಡತೊಡಗಿದ. ಮೊದಲು ಗೋಡೆಯ ಅಕ್ಷರಗಳ ಬಗ್ಗೆ ಹೇಳಿದ, ಸುಣ್ಣ ಬಳಿಯಲು ಬಿಡದ್ದನ್ನು ಹೇಳಿದ. ಆಮೇಲೆ ದಿಂಬಿನದು ಹೇಳಿದ. ತೊಟ್ಟಿಲ ಕಾರ್ಯದ ದಿನ ತಾನು ಸುಮ್ಮನೆ ನಿಂತದ್ದನ್ನು ಹೇಳುವಾಗ ನಿಂತುಬಿಟ್ಟ.

“ಡ್ಯೂಟಿಗಿ ಏಳಬೇಕಲ್ಲ ನೀ,” ಎಂದ.

ಅವಳು ಲೋಟವನ್ನು ಎತ್ತಿ ಬೆಳಕಿಗೆ ಹಿಡಿದು ತೋರಿಸಿದಳು.

“ಇನ್ನೂ ಅರ್ಧ ನೀರು ಅದರಿ,” ಎಂದಳು. “ಹೇಳ್ರಿ.”